ಬಾಣಾವರಕ್ಕೆ ಸಮುದ್ರ ಬಂದಿದ್ದು ಜಾಡಿಯಲ್ಲಿ

1/10
ಬಾಣಾವರದಲ್ಲಿ ಸಮುದ್ರ ಇಲ್ಲ. ರೈಲ್ವೆ ಸ್ಟೇಷನ್ ಇದೆ, ತೆಂಗಿನ ತೋಟ ಇದೆ, ಮಳೆ ಚೆನ್ನಾಗಿ ಬಂದ ವರ್ಷ ಕೆರೆಯಲ್ಲಿ ನೀರಿದೆ. ಆದರೆ ನಮ್ಮೂರನ್ನ ಹಾದು ಹೋಗೋ ರಾಷ್ಟ್ರೀಯ ಹೆದ್ದಾರಿ 73 ಇದೆಯಲ್ಲ, ಅದನ್ನ ಪಶ್ಚಿಮಕ್ಕೆ ಹಿಡಿದು ಹೋಗಿ. ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ, ಚಾರ್ಮಾಡಿ ಘಾಟಿ, ಬೆಳ್ತಂಗಡಿ, ಬಂಟ್ವಾಳ, ಕೊನೆಗೆ ಮಂಗಳೂರು. ನಾವು ಅರಸೀಕೆರೆ ಬಸ್ಸು ಹತ್ತೋ ರಸ್ತೆಯ ಇನ್ನೊಂದು ತುದಿಯಲ್ಲಿ ಮೀನಿನ ದೋಣಿ ನಿಂತಿರುತ್ತೆ.

ಹೋದ ವಾರ ನಮ್ಮನೆ ಮೀನಿನ ಉಪ್ಪಿನಕಾಯಿ ಜಾಡಿ ಫೋಟೋನ ಸ್ಟೋರಿಗೆ ಹಾಕಿದ್ದೆ. ಮೂರು ಥರ ರಿಪ್ಲೈ ಬಂತು. ಒಂದು, "ಅಯ್ಯೋ, ಮೀನಲ್ಲೂ ಉಪ್ಪಿನಕಾಯಿ ಹಾಕ್ತಾರಾ?" ಎರಡು, "ರೆಸಿಪಿ ಹಾಕೇ ಪ್ಲೀಸ್." ಮೂರು, "ಇದು ನಮ್ ಕಡೆ ಅಡುಗೆ ಅಲ್ಲ ಕಣೇ, ಕೇರಳದ್ದು."

ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೇದು ತಲೆ ಕೆಡಿಸ್ತು. "ನಮ್ ಕಡೆ" ಅಂದ್ರೆ ಎಲ್ಲಿಂದ ಎಲ್ಲಿವರೆಗೆ? ಯಾವ ಅಡುಗೆ ನಮ್ಮದು, ಯಾವುದು ಹೊರಗಿನದು ಅಂತ ಬರೆದಿಟ್ಟೋರು ಯಾರು? ನಾನು ಓದ್ತಿರೋದು ಬಿಕಾಂ, ಹಿಸ್ಟರಿ ಅಲ್ಲ. ಆದ್ರೆ ಹುಡುಕ್ತಾ ಹೋದಾಗ ಈ ಕಥೆಯಲ್ಲಿ ಸುಂಕ, ಸಾಗಣೆ, ಲೆಕ್ಕ ಎಲ್ಲಾ ಸಿಕ್ತು. ಹಾಗಾಗಿ ಹತ್ತು ಕ್ಯಾಪ್ಷನ್ ಬರೀತಿದೀನಿ. ರೆಸಿಪಿ ಒಂಬತ್ತನೇದ್ರಲ್ಲಿದೆ. ಅದೊಂದೇ ಬೇಕು ಅನ್ನೋರು ನೇರ ಅಲ್ಲಿಗೆ ಹೋಗಿ, ಬೇಜಾರಿಲ್ಲ.

2/10
ಮೊದಲು ಪದದಿಂದ ಶುರು ಮಾಡೋಣ. ಉಪ್ಪಿನ ಕಾಯಿ. ಮೀನು ಕಾಯಿ ಅಲ್ಲ, ಒಪ್ಕೊಳ್ಳೋಣ. ಆದ್ರೆ ಹೆಸರಿನ ತೂಕ ಇರೋದು ಮೊದಲನೇ ಅರ್ಧದಲ್ಲಿ. ಮಾವಿನಕಾಯಿಗೂ ನಿಂಬೆಹಣ್ಣಿಗೂ ಮೀನಿಗೂ ಉಪ್ಪು ಮಾಡೋ ಕೆಲಸ ಒಂದೇ: ಒಳಗಿರೋ ನೀರನ್ನ ಹೊರಗೆ ಎಳೆಯುತ್ತೆ. ಕೊಳೆಸೋ ಸೂಕ್ಷ್ಮಾಣುಗಳಿಗೆ ಬೇಕಿರೋದೇ ಆ ನೀರು. ನೀರು ಕಮ್ಮಿಯಾದ್ರೆ ಅವುಗಳ ಆಟ ನಿಲ್ಲುತ್ತೆ.

ಆದರೆ ಮಾವಿನಕಾಯಿಗೆ ಹುಟ್ಟಿನಿಂದಲೇ ಹುಳಿ ಇದೆ, ಮೀನಿಗೆ ಇಲ್ಲ. ಅದಕ್ಕೆ ಹುಳಿಯನ್ನ ಹೊರಗಿಂದ ತಂದು ಕೊಡಬೇಕು: ಹುಣಸೆ, ನಿಂಬೆ, ಪುನರ್ಪುಳಿ, ಕಾಚಂಪುಳಿ, ವಿನೆಗರ್. ಯಾವ ಊರಲ್ಲಿ ಯಾವ ಹುಳಿ ಸಿಗುತ್ತೋ ಅಲ್ಲಿನ ಮೀನು ಆ ರುಚಿಗೆ ತಿರುಗುತ್ತೆ.

ಈ ಬುದ್ಧಿ ಬರೀ ನಮ್ಮದಲ್ಲ. ಪರ್ಷಿಯಾದಲ್ಲಿ ಸಿಕ್‌ಬಾಜ್ ಅಂತ ವಿನೆಗರ್ ಹಾಕಿದ ಮಾಂಸದ ಅಡುಗೆ ಇತ್ತು. ಅದೇ ಹೆಸರು ಅರಬರ ಬಾಯಲ್ಲಿ ಸ್ಪೇನ್ ತಲುಪಿ ಎಸ್ಕಾಬೆಚೆ ಆಯ್ತು, ಅಂದ್ರೆ ಹುರಿದ ಮೀನನ್ನ ವಿನೆಗರ್‌ನಲ್ಲಿ ಇಡೋದು. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಕಡೆ ಈಸ್ಟರ್ ಹಬ್ಬಕ್ಕೆ ಇವತ್ತೂ ಅರಿಶಿನ ಹಾಕಿದ ಮೀನಿನ ಉಪ್ಪಿನಕಾಯಿ ಮಾಡ್ತಾರೆ. ರೋಮನ್ನರು ಮೀನನ್ನ ಉಪ್ಪಲ್ಲಿ ಕಳಿಸಿ ಗಾರಮ್ ಅನ್ನೋ ಸಾಸ್ ಮಾಡ್ತಿದ್ರು. ಅದನ್ನ ತುಂಬಿಸಿ ತಂದ ಜಾಡಿಗಳ ಚೂರುಗಳು ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಸಿಕ್ಕಿವೆ. ಅಂದ್ರೆ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಉಪ್ಪಿನ ಮೀನು ಜಾಡಿಯಲ್ಲಿ ಕೂತು ಸಮುದ್ರ ದಾಟಿ ದಕ್ಷಿಣ ಭಾರತಕ್ಕೆ ಬಂದಿತ್ತು.

3/10
ಸರಿ, ಕನ್ನಡದಲ್ಲಿ ಇದರ ಬಗ್ಗೆ ಏನಿದೆ? ಅಡುಗೆ ಬಗ್ಗೆ ಬರೆಯೋದ್ರಲ್ಲಿ ಕನ್ನಡ ಹಿಂದೆ ಬಿದ್ದಿರಲಿಲ್ಲ. ಎರಡನೇ ಚಾವುಂಡರಾಯನ 'ಲೋಕೋಪಕಾರ' ಸುಮಾರು 1025ರದ್ದು. ಮಳೆ, ಬಾವಿ, ಕೃಷಿ, ವೈದ್ಯ ಎಲ್ಲದರ ಜೊತೆ ಅಡುಗೆಗೂ ಒಂದು ಅಧ್ಯಾಯ ಇದೆ. 16ನೇ ಶತಮಾನದ ಶುರುವಿನಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಅಂತ ಪೂರ್ತಿ ಅಡುಗೆ ಪುಸ್ತಕವನ್ನೇ ಪದ್ಯದಲ್ಲಿ ಬರೆದ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಅವರು ಬರೆದ ಪ್ರಕಾರ, 1594ರ ಗುರುಲಿಂಗ ದೇಶಿಕನ 'ಲಿಂಗಪುರಾಣ'ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿ ಬರುತ್ತೆ. ಐವತ್ತು! ನಮಗೆ ಬೆರಳು ಮಡಚಿ ಎಣಿಸೋಕೆ ಹೊರಟ್ರೆ ಹದಿನೈದು ಬರೋದೇ ಹೆಚ್ಚು.

ಆದರೆ ಲೋಕೋಪಕಾರದ ಅಡುಗೆ ಸಸ್ಯಾಹಾರದ್ದು. ಮಂಗರಸ ಜೈನ, ಅವನ ಪುಸ್ತಕದಲ್ಲೂ ಮೀನಿಗೆ ಜಾಗ ಇಲ್ಲ. ಅದು ಅವರ ತಪ್ಪಲ್ಲ, ಅವರವರ ಅಡುಗೆ ಮನೆಯನ್ನ ಅವರವರು ಬರೆದ್ರು. ತೊಂದರೆ ಶುರುವಾಗೋದು ನಾವು ಅದನ್ನ ಓದಿ "ಹಳೇ ಕನ್ನಡ ಅಡುಗೆ ಅಂದ್ರೆ ಇಷ್ಟೇ" ಅಂತ ತೀರ್ಮಾನ ಮಾಡಿದಾಗ.

ಯಾಕಂದ್ರೆ ಇನ್ನೊಂದು ಪುಸ್ತಕ ಇದೆ. ಕಲ್ಯಾಣದಿಂದ, ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ರಾಜ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'. ಸಂಸ್ಕೃತದಲ್ಲಿದೆ, ಕಾಲ ಸುಮಾರು 1130. ಅದರಲ್ಲಿ ಮೀನು ಹಿಡಿಯೋ ವಿನೋದಕ್ಕೇ ಒಂದು ಭಾಗ ಇದೆ. ಸಮುದ್ರದ್ದು, ಸಿಹಿನೀರಿನದ್ದು ಸೇರಿ ಮೂವತ್ತೈದು ಬಗೆಯ ಮೀನು, ಯಾವುದಕ್ಕೆ ಯಾವ ತಿನಿಸು ಹಾಕಬೇಕು ಅನ್ನೋವರೆಗೂ ಬರೆದಿದ್ದಾನೆ. ಊಟದ ಭಾಗದಲ್ಲಿ ಇಡ್ಲಿ, ದೋಸೆಯ ಪೂರ್ವಜರ ಜೊತೆಗೇ ಮಾಂಸ ಮತ್ತು ಮೀನಿನ ಅಡುಗೆ ಕೂತಿವೆ.

ನಮ್ಮ ಜಿಲ್ಲೆಯವರು ಇದನ್ನ ಗಮನಿಸಬೇಕು. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಪ್ರತಿಷ್ಠೆ ಆಗಿದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಮಾನಸೋಲ್ಲಾಸ ಬಂದಿದ್ದು ಅದಾಗಿ ಹದಿನೈದು ವರ್ಷದ ಒಳಗೆ. ನಾವು ಸ್ಕೂಲ್ ಟ್ರಿಪ್‌ನಲ್ಲಿ ನೋಡಿದ ಆ ಶಿಲಾಬಾಲಿಕೆಯರು ಹೊಸದಾಗಿ ನಿಂತಿದ್ದ ಕಾಲದಲ್ಲೇ ಇನ್ನೊಬ್ಬ ರಾಜ ಮೀನಿನ ಬಗ್ಗೆ ಬರೀತಾ ಕೂತಿದ್ದ.

4/10
ರಾಜ ಬರೆದ, ಆಯ್ತು. ಆದ್ರೆ ಮೀನನ್ನ ದಿನಾ ಹಿಡಿದು, ಸೀಳಿ, ಉಪ್ಪು ಸವರಿದವರು ಏನು ಬರೆದ್ರು? 12ನೇ ಶತಮಾನದಲ್ಲಿ ಅಂಬಿಗರ ಚೌಡಯ್ಯ ಬರೆದ್ರು, ಆದ್ರೆ ಅವರು ಬರೆದಿದ್ದು ವಚನ, ಪಾಕವಿಧಾನ ಅಲ್ಲ. ನಮ್ಮ ಕಡೆ ಕೆರೆ ಕಟ್ಟಿಸಿದೋರಿಗೆ, ಕೆರೆ ರಿಪೇರಿಗೆ ಭೂಮಿ ಬಿಟ್ಟೋರಿಗೆ ಶಾಸನ ಇದೆ. ಅರಸೀಕೆರೆ ಅನ್ನೋ ಹೆಸರೇ ಅರಸಿ ಕಟ್ಟಿಸಿದ ಕೆರೆ ಅಂತ ಹೇಳುತ್ತೆ. ಅದೇ ಕೆರೆಯ ನೀರು ಬೇಸಿಗೆಯಲ್ಲಿ ಇಳಿದಾಗ ಬಲೆ ಹಾಕಿದ ಬೆಸ್ತರ ಮನೆಯಲ್ಲಿ ಉಳಿದ ಮೀನನ್ನ ಏನು ಮಾಡಿದ್ರು ಅನ್ನೋದನ್ನ ಯಾರೂ ಕಲ್ಲಿನ ಮೇಲೆ ಕೆತ್ತಿಸಿಲ್ಲ.

ಇವತ್ತು ನಮ್ಮ ಕೆರೆಯಲ್ಲಿ ಹೆಚ್ಚಾಗಿ ಸಿಗೋದು ಕಾಟ್ಲಾ, ರೋಹು. ಇವು ನಮ್ಮೂರ ಮೂಲದವಲ್ಲ, ಗಂಗಾ ಬಯಲಿನ ಹೊಳೆಗಳ ಮೀನುಗಳು. ಇವು ನಿಂತ ನೀರಿನಲ್ಲಿ ಮೊಟ್ಟೆ ಇಡಲ್ಲ, ಅದಕ್ಕೆ ಮೊದಲೆಲ್ಲ ಮರಿಗಳನ್ನ ಹೊಳೆಯಿಂದಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಹಾರ್ಮೋನ್ ಚುಚ್ಚಿ ಮೀನು ಮರಿ ಮಾಡಿಸೋದ್ರಲ್ಲಿ ಗೆದ್ರು. ದೇಶದ ಕೆರೆಗಳಿಗೆ ಮರಿ ಬಿಡೋದು ದೊಡ್ಡ ಪ್ರಮಾಣದಲ್ಲಿ ಸಾಧ್ಯವಾಗಿದ್ದು ಅಲ್ಲಿಂದ. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ.

ಹಾಗಾದ್ರೆ ನಮ್ಮೂರ ಕೆರೆಯ ಕಾಟ್ಲಾ "ನಮ್ ಕಡೆ"ದಾ? ನನ್ನ ಪ್ರಕಾರ ಹೌದು. ನಮ್ಮ ನೀರಲ್ಲಿ ಬೆಳೆದಿದೆ, ನಮ್ಮ ಸಂತೆಯಲ್ಲಿ ಮಾರಾಟ ಆಗಿದೆ. ಬಂದಿದ್ದು ಎಲ್ಲಿಂದ ಅಂತ ಕೇಳ್ತಾ ಹೋದ್ರೆ ಯಾವುದನ್ನೂ ತಿನ್ನೋ ಹಾಗಿಲ್ಲ. ಮುಂದಿನ ಕ್ಯಾಪ್ಷನ್ ನೋಡಿ.

5/10
ಉಪ್ಪಿನಕಾಯಿ ಕೆಂಪಗಿರೋದು ಯಾಕೆ? ಮೆಣಸಿನಕಾಯಿ. ಅದು ಅಮೆರಿಕಾ ಖಂಡದ ಗಿಡ. ವಾಸ್ಕೋ ಡ ಗಾಮ 1498ರಲ್ಲಿ ಕೇರಳದ ಕರಾವಳಿಗೆ ಬಂದ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ್ರು, ಮೆಣಸಿನಕಾಯಿ ಅವರ ಹಡಗಿನ ದಾರಿಯಲ್ಲಿ ಬಂತು. ಅದಕ್ಕೆ ಮೊದಲು ಖಾರ ಅಂದ್ರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ವಿಷ್ಣುವರ್ಧನನ ಊಟದಲ್ಲಿ ಬ್ಯಾಡಗಿ ಮೆಣಸಿನಕಾಯಿ ಇರೋ ಚಾನ್ಸೇ ಇಲ್ಲ. ಹಾಗಂತ ಇವತ್ತು ಬ್ಯಾಡಗಿ ಮೆಣಸಿನಕಾಯಿ ಹೊರಗಿನದು ಅಂತ ಯಾರಾದ್ರೂ ಹೇಳ್ತೀರಾ?

ವಿನೆಗರ್ ಮಾತೂ ಹಾಗೇ. ಪೋರ್ಚುಗೀಸರಿಗೆ ಮಾಂಸವನ್ನ ವೈನ್, ಬೆಳ್ಳುಳ್ಳಿಯಲ್ಲಿ ನೆನೆಸೋ ಅಭ್ಯಾಸ ಇತ್ತು. ಗೋವಾದಲ್ಲಿ ವೈನ್ ಜಾಗಕ್ಕೆ ತೆಂಗಿನ ಕಳ್ಳಿನಿಂದ ಮಾಡಿದ ವಿನೆಗರ್ ಬಂತು. ವಿಂದಾಲೂ ಹುಟ್ಟಿದ್ದು ಹೀಗೆ, ಅದರಲ್ಲಿರೋ 'ಆಲೂ' ಬೆಳ್ಳುಳ್ಳಿಯ ಪೋರ್ಚುಗೀಸ್ ಪದದಿಂದ ಬಂದಿದ್ದು, ಆಲೂಗಡ್ಡೆಯಿಂದ ಅಲ್ಲ. ಅದೇ ಅಡುಗೆ ಮನೆಗಳಲ್ಲಿ ಒಣಮೀನಿನ 'ಪಾರಾ', ಸಿಗಡಿಯ 'ಬಲ್ಶಾಂವ್' ಅನ್ನೋ ಉಪ್ಪಿನಕಾಯಿಗಳು ಬಂದ್ವು. ಕರಾವಳಿಯ ಕೊಂಕಣಿ ಮನೆಗಳಲ್ಲಿ, ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಮೀನನ್ನ ವಿನೆಗರ್‌ನಲ್ಲಿ ಹಾಕೋ ರೂಢಿಗೆ ಗೋವಾದ ನಂಟು ಇದೆ.

ಆದ್ರೆ ಹುಳಿಯಲ್ಲಿ ಇಡೋ ಬುದ್ಧಿ ಪೋರ್ಚುಗೀಸರೇ ಕಲಿಸಿದ್ದು ಅಂತಲೂ ಹೇಳಕ್ಕಾಗಲ್ಲ. ನಮ್ಮ ಪಕ್ಕದ ಕೊಡಗನ್ನೇ ನೋಡಿ. ಕಾಚಂಪುಳಿ ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ ಟಾರಿನ ಹಾಗೆ ಕಪ್ಪು ಮಾಡಿ ಬಾಟಲಿಗೆ ತುಂಬಿಡ್ತಾರೆ. ಒಂದು ಚಮಚ ಸಾಕು, ಹಲ್ಲು ಜುಮ್ ಅನ್ನುತ್ತೆ. ಹಂದಿ ಮಾಂಸಕ್ಕೂ ಅದೇ, ಮೀನಿಗೂ ಅದೇ. ಆ ಹುಳಿಗೆ ಹಡಗು ಬೇಕಾಗಿರಲಿಲ್ಲ, ಮರ ಕಾಡಲ್ಲೇ ಇತ್ತು.

6/10
ಈಗ ನಮ್ಮ ಕಾಮರ್ಸ್ ಬ್ಯಾಚ್‌ಗೆ ಇಷ್ಟವಾಗೋ ಭಾಗ. ಉಪ್ಪು.

ಬ್ರಿಟಿಷ್ ಇಂಡಿಯಾದಲ್ಲಿ ಉಪ್ಪಿಗೆ ಸುಂಕ ಇತ್ತು ಅಂತ ಹೈಸ್ಕೂಲಲ್ಲಿ ಓದಿದೀವಿ. ಎಷ್ಟು ಅಂತ ಓದಿರಲಿಲ್ಲ. 1882ರಲ್ಲಿ ಒಂದು ಮಣಕ್ಕೆ 2 ರೂಪಾಯಿ, 1888ರಲ್ಲಿ ಎರಡೂವರೆ ರೂಪಾಯಿ. ಒಂದು ಮಣ ಅಂದ್ರೆ ಸುಮಾರು 37 ಕೆಜಿ. ಉಪ್ಪು ತಯಾರಿಸೋ ಖರ್ಚಿಗಿಂತ ಸುಂಕವೇ ಹಲವು ಪಟ್ಟು ಜಾಸ್ತಿ.

ಲೆಕ್ಕ ಮಾಡೋಣ. ಮೀನು ಕೆಡದ ಹಾಗೆ ಒಣಗಿಸೋಕೆ ಮೂರು ನಾಲ್ಕು ಕೆಜಿ ಮೀನಿಗೆ ಒಂದು ಕೆಜಿ ಉಪ್ಪು ಅಂತ ಇಟ್ಕೊಳ್ಳಿ. ಒಂದು ಮಣ ಉಪ್ಪಲ್ಲಿ 110ರಿಂದ 150 ಕೆಜಿ ಮೀನು. ಮನೆಯ ಸಾರಿಗೆ ಚಿಟಿಕೆ ಉಪ್ಪು ಹಾಕೋರಿಗೆ ಆ ಸುಂಕ ಒಂದು ಹೊರೆ. ಬೂತಾಯಿ, ಬಂಗುಡೆ ರಾಶಿ ಬಿದ್ದ ದಿನ ಮೂಟೆ ಮೂಟೆ ಉಪ್ಪು ಬೇಕಾದ ಮೊಗವೀರರಿಗೆ, ಖಾರ್ವಿಗಳಿಗೆ ಅದು ಬಂಡವಾಳವನ್ನೇ ನುಂಗೋ ಖರ್ಚು. ಉಪ್ಪು ಕಮ್ಮಿ ಹಾಕಿದ್ರೆ ಮೀನು ಹಾಳು. ಪೂರ್ತಿ ಹಾಕಿದ್ರೆ ಲಾಭ ಹಾಳು. ಬೂತಾಯಿ ತೀರಾ ಜಾಸ್ತಿ ಬಿದ್ದಾಗ ತೆಂಗಿನ ಮರದ ಬುಡಕ್ಕೆ ಗೊಬ್ಬರ ಆಗಿ ಹೋಗ್ತಿತ್ತು.

ಆಗ ಫ್ರಾನ್ಸಿಸ್ ಡೇ ಅನ್ನೋ ಮಿಲಿಟರಿ ಡಾಕ್ಟರ್ ಒಬ್ಬರು ಭಾರತದ ಮೀನುಗಳನ್ನ ಸರ್ವೆ ಮಾಡ್ತಿದ್ರು. ಮೀನಿಗೆ ಹಾಕೋ ಉಪ್ಪು ಅಗ್ಗವಾಗಿ ಸಿಗಬೇಕು ಅಂತ ಅವರು ವಾದಿಸಿದ್ರು. 19ನೇ ಶತಮಾನದ ಕೊನೆಯ ಕಾಲು ಭಾಗದಲ್ಲಿ ಮದ್ರಾಸ್ ಸರ್ಕಾರ ಮಲಬಾರ್ ಮತ್ತು ದಕ್ಷಿಣ ಕನ್ನಡದ ಕರಾವಳಿಯಲ್ಲಿ ಮೀನು ಉಪ್ಪು ಹಾಕೋ ಯಾರ್ಡ್‌ಗಳನ್ನ ತೆರೀತು. ಬೇಲಿ ಹಾಕಿದ ಜಾಗ. ಮೀನು ಒಳಗೆ ತರಬೇಕು, ಸುಂಕ ಇಲ್ಲದ ಉಪ್ಪನ್ನ ಅಲ್ಲೇ ತೂಕ ಹಾಕಿ ಕೊಡ್ತಾರೆ, ಅಲ್ಲೇ ಸವರಿ ಒಣಗಿಸಬೇಕು, ಆ ಉಪ್ಪನ್ನ ಮನೆಗೆ ಒಯ್ಯೋ ಹಾಗಿಲ್ಲ.

ನಾವು ಓದೋ ಬಾಂಡೆಡ್ ವೇರ್‌ಹೌಸ್ ನೆನಪಾಯ್ತಾ? ಹೆಚ್ಚುಕಮ್ಮಿ ಅದೇ ಐಡಿಯಾ. ಗೋಡೆಯೊಳಗೆ ತೆರಿಗೆ ಇಲ್ಲ, ಗೋಡೆ ದಾಟಿದ್ರೆ ತೆರಿಗೆ. ವ್ಯತ್ಯಾಸ ಏನಂದ್ರೆ ಇಲ್ಲಿ ಗೋಡೆಯೊಳಗೆ ಕೂತು ಮೀನು ಸೀಳಿ ಉಪ್ಪು ಸವರ್ತಿದ್ದೋರಲ್ಲಿ ಎಷ್ಟೋ ಜನ ಹೆಂಗಸರು. ಎಷ್ಟು ಮಣ ಉಪ್ಪು ಹೋಯ್ತು ಅನ್ನೋದಕ್ಕೆ ಸರ್ಕಾರ ರಿಜಿಸ್ಟರ್ ಇಟ್ಟಿತು. ಆ ಹೆಂಗಸರು ಯಾವ ಮೀನಿಗೆ ಎಷ್ಟು ಹೊತ್ತು ಉಪ್ಪು ಹಿಡಿಸ್ತಿದ್ರು, ಮನೆಗೆ ಉಳಿದಿದ್ದನ್ನ ಹೇಗೆ ಅಡುಗೆ ಮಾಡ್ತಿದ್ರು ಅನ್ನೋದು ಆ ಲೆಕ್ಕದ ಪುಸ್ತಕಕ್ಕೆ ಬೇಕಾಗಿರಲಿಲ್ಲ.

7/10
1930ರ ಏಪ್ರಿಲ್ 6, ದಂಡಿ. ಇದು ಎಲ್ಲರಿಗೂ ಗೊತ್ತು. ಅದಾಗಿ ಒಂದೇ ವಾರಕ್ಕೆ, ಏಪ್ರಿಲ್ 13ರಂದು, ನಮ್ಮ ಉತ್ತರ ಕನ್ನಡದ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಜನ ಸಮುದ್ರದ ನೀರಿನಿಂದ ಉಪ್ಪು ಮಾಡಿ ಕಾನೂನು ಮುರಿದ್ರು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು ಇವತ್ತೂ ಇವೆ, ಆ ಕಡೆ ಹೋದ್ರೆ ಬಿಳಿ ರಾಶಿ ಕಾಣಿಸುತ್ತೆ. ಕಣ್ಣೆದುರು ಸಮುದ್ರ, ಕಾಲ ಕೆಳಗೆ ಉಪ್ಪು, ಆದ್ರೆ ಮುಟ್ಟಿದ್ರೆ ಜೈಲು. ಆ ಸಿಟ್ಟು ಕರಾವಳಿಯವರಿಗೆ ಅರ್ಥ ಮಾಡಿಸಬೇಕಾಗಿರಲಿಲ್ಲ.

1931ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಕರಾವಳಿ ಹಳ್ಳಿಯವರು ಮನೆ ಬಳಕೆಗೆ ಉಪ್ಪು ತೆಗೆಯಬಹುದು ಅಂತ ಒಪ್ಪಿದ್ರು. ಉಪ್ಪಿನ ಸುಂಕ ಪೂರ್ತಿ ಹೋಗಿದ್ದು 1947ರಲ್ಲಿ. ಇವತ್ತು ಉಪ್ಪಿಗೆ ಜಿಎಸ್‌ಟಿ ಸೊನ್ನೆ. ಟ್ಯಾಕ್ಸ್ ಕ್ಲಾಸಲ್ಲಿ ಆ ಸೊನ್ನೆ ಬಂದಾಗ ಅದರ ಹಿಂದೆ ಇಷ್ಟೆಲ್ಲಾ ಇದೆ ಅಂತ ನೆನಪಿರಲಿ.

ಒಳನಾಡಿನ ನಮಗೂ ಉಪ್ಪಿನ ಕಥೆ ಇದೆ. ಹಳೇ ಮೈಸೂರಿನ ಬಯಲು ಸೀಮೆಯಲ್ಲಿ ಉಪ್ಪಾರರು ಸೌಳು ಮಣ್ಣನ್ನ ನೀರಲ್ಲಿ ಕರಗಿಸಿ, ಸೋಸಿ, ಒಣಗಿಸಿ ಉಪ್ಪು ತೆಗೀತಿದ್ರು. ಆ ಜಾತಿಯ ಹೆಸರಲ್ಲೇ ಉಪ್ಪು ಉಳಿದಿದೆ, ಕಸುಬು ಹೋಗಿದೆ.

8/10
ಉಪ್ಪಿನ ಕಾಲ ಮುಗಿಸಿದ್ದು ಐಸು.

1952ರಲ್ಲಿ ಕೇರಳದಲ್ಲಿ ಇಂಡೋ–ನಾರ್ವೇಜಿಯನ್ ಯೋಜನೆ ಶುರುವಾಯ್ತು, ಮುಂದೆ ಕಾರವಾರಕ್ಕೂ ಬಂತು. ಇಂಜಿನ್ ದೋಣಿ, ಐಸ್ ಪ್ಲಾಂಟ್, ಶೀತಲ ಸಾಗಣೆ. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಬಂತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಒಂದೇ ಬಲೆಯಲ್ಲಿ ಟನ್‌ಗಟ್ಟಲೆ ಮೀನು ಎತ್ತೋಕೆ ಶುರು ಮಾಡಿದ್ವು. 1979ರಲ್ಲಿ ಹಾಸನ–ಮಂಗಳೂರು ರೈಲು ದಾರಿ ತೆರೀತು. ಘಾಟಿ ರಸ್ತೆಗಳಲ್ಲಿ ಐಸ್ ತುಂಬಿದ ಮೀನಿನ ಲಾರಿಗಳು ಹತ್ತಿದ್ವು. ಹಿಂದೆ ಒಳನಾಡಿಗೆ ಸಮುದ್ರದ ಮೀನು ಅಂದ್ರೆ ಮುಖ್ಯವಾಗಿ ಒಣಮೀನು. ಈಗ ಬಂಗುಡೆ ಹಸಿಯಾಗಿಯೇ ಬರುತ್ತೆ.

ಹಾಗಾದ್ರೆ ಉಪ್ಪಿನಕಾಯಿ ಸಾಯಬೇಕಿತ್ತು ಅಲ್ವಾ? ಸಾಯಲಿಲ್ಲ. ಒಂದು ಕಾರಣ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡೋ ಸಮಯ. ಅದೇ ಹೊತ್ತಿಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿಯೋದೂ ಇದೆ. 2019ರ ಆಗಸ್ಟ್‌ನಲ್ಲಿ ಕುಸಿದಾಗ ಆ ರಸ್ತೆ ಎಷ್ಟೋ ದಿನ ಬಂದ್ ಆಗಿತ್ತು. ಆಗ ಮನೆಯಲ್ಲಿರೋ ಜಾಡಿಯೇ ಗತಿ.

ಇನ್ನೊಂದು ಕಾರಣ ರುಚಿ. ಕೆಡಬಾರದು ಅಂತ ಶುರು ಮಾಡಿದ್ದನ್ನ ಜನ ಅದರ ರುಚಿಗೋಸ್ಕರವೇ ಮಾಡೋಕೆ ಶುರು ಮಾಡಿದ್ರು. ಫ್ರಿಜ್ ಬಂದ ಮೇಲೂ ಮಾವಿನ ಮಿಡಿ ಉಪ್ಪಿನಕಾಯಿ ನಿಲ್ಲಲಿಲ್ಲ, ಹಾಗೇ ಇದು. ಈಗ ಕರಾವಳಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು ಸಿಗಡಿ, ಅಂಜಲ್ ಉಪ್ಪಿನಕಾಯಿ ಮಾಡಿ ಬಾಟಲಿಯಲ್ಲಿ ಮಾರ್ತಾರೆ. ಅಂಜಲ್ ಕೆಜಿ ರೇಟು ಕೇಳಿದೋರಿಗೆ ಗೊತ್ತು, ಇದು ಈಗ ಬಡವರ ಉಳಿತಾಯ ಅಲ್ಲ.

9/10
ರೆಸಿಪಿ. ಇದು ನಮ್ಮ ದೊಡ್ಡಮ್ಮಂದು. ಅವರ ತವರು ಬೆಳ್ತಂಗಡಿ ಕಡೆ, ಮದುವೆಯಾಗಿ ನಮ್ಮೂರಿಗೆ ಬಂದು ನಲವತ್ತು ವರ್ಷದ ಹತ್ತಿರ ಆಯ್ತು. ಅವರ ಅಳತೆ ಎಲ್ಲಾ ಕಣ್ಣಲ್ಲಿ. "ಎಷ್ಟು ಉಪ್ಪು?" ಅಂದ್ರೆ "ಬೇಕಾದಷ್ಟು ಹಾಕು ಮಾರಾಯ್ತಿ" ಅಂತಾರೆ. ಅದಕ್ಕೆ ಈ ಸಲ ಅವರು ಹಿಡಿ ತುಂಬಿ ಹಾಕೋಕೆ ಮುಂಚೆ ಪ್ರತಿಯೊಂದನ್ನೂ ತಕ್ಕಡಿ ಮೇಲೆ ಇಡಿಸಿದೆ. ಬೈಸ್ಕೊಂಡೆ, ಆದ್ರೆ ನಂಬರ್ ಸಿಕ್ತು.

ಮುಳ್ಳು ತೆಗೆದ ಮೀನು 1 ಕೆಜಿ. ಅಂಜಲ್ ಆದ್ರೆ ಒಳ್ಳೇದು, ನಾವು ದೊಡ್ಡ ಕಾಟ್ಲಾದ ದಪ್ಪ ತುಂಡಲ್ಲಿ ಮಾಡಿದ್ವಿ. ತುಂಡು ಬೆರಳ ಗೆಣ್ಣಿನಷ್ಟು. ಉಪ್ಪು 60 ಗ್ರಾಂ, ಅರಿಶಿನ ಎರಡು ಚಮಚ ಸವರಿ ಎರಡು ಗಂಟೆ ಫ್ರಿಜ್‌ನಲ್ಲಿಡಿ. ಬಿಟ್ಟ ನೀರನ್ನ ಚೆಲ್ಲಿ, ಬಟ್ಟೆಯಲ್ಲಿ ಒತ್ತಿ ಒರೆಸಿ. ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರೀರಿ, ಊಟಕ್ಕೆ ಹುರಿಯೋದಕ್ಕಿಂತ ಗಟ್ಟಿಯಾಗಬೇಕು, ಒಳಗೆ ಮೆತ್ತಗಿರಬಾರದು.

ಅದೇ ಬಾಣಲೆಯಲ್ಲಿ ಹೊಸ ಎಳ್ಳೆಣ್ಣೆ 250 ಮಿಲಿ. ಸಾಸಿವೆ, ಸ್ವಲ್ಪ ಮೆಂತ್ಯ, ಕರಿಬೇವು, ಉದ್ದಕ್ಕೆ ಸೀಳಿದ ಬೆಳ್ಳುಳ್ಳಿ 100 ಗ್ರಾಂ, ಶುಂಠಿ 100 ಗ್ರಾಂ. ಬೆಳ್ಳುಳ್ಳಿ ಬಣ್ಣ ತಿರುಗಿದ ಮೇಲೆ ಒಲೆ ಆರಿಸಿ ಖಾರದ ಪುಡಿ 70 ಗ್ರಾಂ ಹಾಕಿ. ನಾವು ಬಣ್ಣಕ್ಕೆ ಬ್ಯಾಡಗಿ ಮುಕ್ಕಾಲು, ಖಾರಕ್ಕೆ ಗುಂಟೂರು ಕಾಲು ಹಾಕ್ತೀವಿ. ಒಲೆ ಉರೀತಿರುವಾಗ ಹಾಕಿದ್ರೆ ಪುಡಿ ಸೀದು ಕಹಿಯಾಗುತ್ತೆ. ಆಮೇಲೆ ಕುದಿಸಿ ಆರಿಸಿದ ವಿನೆಗರ್ 350 ಮಿಲಿ, ಉಪ್ಪು 30 ಗ್ರಾಂ, ಒಂದು ಚಮಚ ಸಕ್ಕರೆ. ಒಂದು ಕುದಿ ಬಂದ ಮೇಲೆ ಮೀನು ಸೇರಿಸಿ ಐದು ನಿಮಿಷ. ಪೂರ್ತಿ ತಣ್ಣಗಾದ ಮೇಲೆ, ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಗಾಜಿನ ಜಾಡಿಗೆ. ಒಂದು ವಾರ ಫ್ರಿಜ್‌ನಲ್ಲೇ ಬಿಡಿ, ಹುಳಿ ಒಳಗೆ ಇಳೀಬೇಕು. ಆಮೇಲೂ ಫ್ರಿಜ್‌ನಲ್ಲೇ ಇರಲಿ, ಒದ್ದೆ ಚಮಚ ಹಾಕಬೇಡಿ, ಒಂದೆರಡು ತಿಂಗಳಲ್ಲಿ ಖಾಲಿ ಮಾಡಿ.

ಎರಡು ಮಾತು ದಯವಿಟ್ಟು ಓದಿ. ಒಂದು, ಮೇಲೆ ಎಣ್ಣೆ ನಿಂತಿದ್ರೆ ಸೇಫ್ ಅನ್ನೋದು ತಪ್ಪು. ಎಣ್ಣೆ ಗಾಳಿ ತಡೆಯುತ್ತೆ ಅಷ್ಟೇ. ಬೊಟುಲಿಸಂ ವಿಷ ಮಾಡೋ ಬ್ಯಾಕ್ಟೀರಿಯಾಗೆ ಬೇಕಿರೋದೇ ಗಾಳಿ ಇಲ್ಲದ ಜಾಗ. ಅದನ್ನ ತಡೆಯೋದು ಹುಳಿ, ಪಿಎಚ್ 4.6ಕ್ಕಿಂತ ಕೆಳಗೆ ಇರಬೇಕು. ಅದಕ್ಕೆ ವಿನೆಗರ್ ಕಮ್ಮಿ ಮಾಡಬೇಡಿ, ನೀರು ಬೆರೆಸಬೇಡಿ. ಎರಡು, ಬಂಗುಡೆ, ಬೂತಾಯಿ, ಕೇದರದಂಥ ಮೀನು ಬಿಸಿಲಲ್ಲಿ ಕೂತು ಕೆಡೋಕೆ ಶುರುವಾದ್ರೆ ಹಿಸ್ಟಮಿನ್ ಸೇರುತ್ತೆ. ಅದು ಹುರಿದ್ರೂ ಹೋಗಲ್ಲ, ವಿನೆಗರ್ ಹಾಕಿದ್ರೂ ಹೋಗಲ್ಲ. ಕೆಟ್ಟ ಮೀನನ್ನ ಉಪ್ಪಿನಕಾಯಿ ಉಳಿಸಲ್ಲ. ದೊಡ್ಡಮ್ಮ ಈ ಪದಗಳನ್ನ ಹೇಳಲ್ಲ. "ಕಣ್ಣು ಒಳಗೆ ಹೋದ ಮೀನು ತರ್ಬೇಡ" ಅಂತಾರೆ. ಅದೇ ಮಾತು.

10/10
ಮೂರನೇ ರಿಪ್ಲೈಗೆ ಈಗ ಉತ್ತರ. ನಮ್ಮನೆ ಜಾಡಿಯಲ್ಲಿ ಗಂಗಾ ಬಯಲಿನ ಕಾಟ್ಲಾ ಇದೆ, ಅಮೆರಿಕಾದಿಂದ ಬಂದು ಬ್ಯಾಡಗಿಯಲ್ಲಿ ನೆಲೆಸಿದ ಮೆಣಸಿನಕಾಯಿ ಇದೆ, ಗೋವಾದ ದಾರಿಯಲ್ಲಿ ಬಂದ ವಿನೆಗರ್ ಅಭ್ಯಾಸ ಇದೆ, ಒಂದು ಕಾಲಕ್ಕೆ ಜೈಲಿಗೆ ಕಳಿಸ್ತಿದ್ದ ಉಪ್ಪು ಇದೆ, ಬೆಳ್ತಂಗಡಿಯಿಂದ ಘಾಟಿ ಹತ್ತಿ ಬಂದ ಒಬ್ಬ ಹೆಂಗಸಿನ ಕೈ ಇದೆ. ಇಷ್ಟೂ ಸೇರಿದ್ದು ಬಾಣಾವರದಲ್ಲಿ. ಇದನ್ನ ಬಾಣಾವರದ ಅಡುಗೆ ಅನ್ನದೆ ಇನ್ನೇನು ಅನ್ನೋದು?

ಇದು ಬರೀ ಹೆಸರಿನ ಜಗಳ ಆಗಿದ್ರೆ ಹತ್ತು ಕ್ಯಾಪ್ಷನ್ ಬರೀತಿರಲಿಲ್ಲ. ಓದೋಕೆ, ಕೆಲಸಕ್ಕೆ ಅಂತ ಬೇರೆ ಊರಿಗೆ ಹೋದ ನಮ್ಮಲ್ಲಿ ಎಷ್ಟೋ ಜನ ರೂಮ್ ಹುಡುಕುವಾಗ "ವೆಜ್ ಓನ್ಲಿ" ಅನ್ನೋ ಮಾತು ಕೇಳಿದೀವಿ. ನನ್ನ ಒಬ್ಬಳು ಫ್ರೆಂಡ್ ಮನೆಯಿಂದ ತಂದ ಒಣಮೀನಿನ ಚಟ್ನಿಯನ್ನ ಮೂರು ಕವರ್ ಸುತ್ತಿ ಬಟ್ಟೆ ಮಧ್ಯೆ ಬಚ್ಚಿಡ್ತಾಳೆ. ಯಾರಾದ್ರೂ ಬಾಗಿಲು ತಟ್ಟಿದ್ರೆ ಮೊದಲು ಊದುಬತ್ತಿ ಹಚ್ತಾಳೆ. ಒಂದು ಊಟವನ್ನ ಪುಸ್ತಕದಿಂದ ಬಿಟ್ಟಾಗ, ಅದು ಮೆಲ್ಲಗೆ "ನಮ್ ಕಡೆ ಅಲ್ಲ" ಆಗುತ್ತೆ. ಆಮೇಲೆ ಅದನ್ನ ತಿನ್ನೋರೂ "ನಮ್ ಕಡೆಯವರಲ್ಲ" ಆಗೋಕೆ ಜಾಸ್ತಿ ದೂರ ಇಲ್ಲ.

ಮಂಗರಸ ತನ್ನ ಮನೆ ಅಡುಗೆಯನ್ನ ಪದ್ಯದಲ್ಲಿ ಬರೆದಿದ್ದಕ್ಕೆ ಐನೂರು ವರ್ಷ ಆದ ಮೇಲೂ ನಮಗೆ ಅದು ಗೊತ್ತಿದೆ. ದೊಡ್ಡಮ್ಮನ ಅಡುಗೆಗೆ ಪದ್ಯ ಬೇಡ, ಒಂದು ನೋಟ್‌ಬುಕ್ ಸಾಕು. ಅವರಿಗೆ ಈಗ ಭುಜ ನೋವು, ಒಂದು ಕೆಜಿ ಮೀನು ನಿಂತು ಹುರಿಯೋಕಾಗಲ್ಲ. ಈ ಸಲ ಹುರಿದಿದ್ದು ನಾನು, ಅವರು ಸ್ಟೂಲ್ ಮೇಲೆ ಕೂತು "ಇನ್ನೂ ಆಗ್ಲಿಲ್ಲ, ಇನ್ನೂ ಆಗ್ಲಿಲ್ಲ" ಅಂತಿದ್ರು. ಮೇಲಿನ 60 ಗ್ರಾಂ, 350 ಮಿಲಿ ಎಲ್ಲಾ ಆವತ್ತಿಂದ ಒಂದು ಹಳೇ ಅಕೌಂಟೆನ್ಸಿ ನೋಟ್‌ಬುಕ್‌ನ ಕೊನೆ ಪುಟದಲ್ಲಿದೆ, ಲೆಡ್ಜರ್ ಪ್ರಾಬ್ಲಂ ಪಕ್ಕದಲ್ಲೇ.

ಈಗ ನಿಮ್ಮ ಸರದಿ. ನಿಮ್ಮನೆಯಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ ಯಾರಾದ್ರೂ ಕಣ್ಣಳತೆಯಲ್ಲೇ ಮಾಡೋ ಒಂದು ಮೀನಿನ, ಒಣಮೀನಿನ, ಸಿಗಡಿಯ ಅಡುಗೆ ಇದ್ರೆ ತಕ್ಕಡಿ ತಗೊಂಡು ಪಕ್ಕದಲ್ಲಿ ನಿಂತ್ಕೊಳ್ಳಿ. ಊರು, ಮಾಡಿದವರ ತವರು, ಯಾವ ಹುಳಿ, ಎಷ್ಟು ಉಪ್ಪು ಅಂತ ಕಮೆಂಟಲ್ಲಿ ಬರೀರಿ. ಅವರನ್ನ ಕೇಳಿ, ಅವರು ಒಪ್ಪಿದ್ರೆ ಮಾತ್ರ ಹಾಕಿ. ಬಂದಿದ್ದನ್ನೆಲ್ಲ ಸೇರಿಸಿ ಮುಂದಿನ ಸೀರೀಸ್ ಮಾಡ್ತೀನಿ.

#ಬಾಣಾವರ #ಅರಸೀಕೆರೆ #ಹಾಸನ #ಮೀನಿನಉಪ್ಪಿನಕಾಯಿ #ಅಡುಗೆಇತಿಹಾಸ #ಉಪ್ಪಿನಲೆಕ್ಕ